ರೂಢಿಯ ಮುದ್ರೆ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹೇಳಿದ ಪುಣ್ಯಾತ್ಮ ಹಳೇ ಹುಬ್ಬಳ್ಳಿಯ ಆ ಓಣಿಗೆ ಬಂದವನಲ್ಲ. ಬಂದಿದ್ದರೆ ಗಾದೆಯ ಎರಡನೆಯ ಅರ್ಧವನ್ನು ಅಲ್ಲೇ ಗಟಾರಕ್ಕೆ ಎಸೆದು ಹೋಗುತ್ತಿದ್ದ. ದಾಕ್ಷಾಯಿಣಿ ಮತ್ತು ಸುವರ್ಣಾ ಒಡಹುಟ್ಟಿದ ಅಕ್ಕ ತಂಗಿ. ಅವರಷ್ಟು ಮಾತು ಬಲ್ಲವರು ಓಣಿಯಲ್ಲಿ ಇರಲಿಲ್ಲ, ಅವರಷ್ಟು ಜಗಳ ಆಡುವವರು ಊರಲ್ಲೇ ಇರಲಿಲ್ಲ.

ಅಪ್ಪ ಸತ್ತ ಮೇಲೆ ಮನೆಯನ್ನು ನಡುವೆ ಸೀಳಿ ಎರಡು ಮಾಡಿಕೊಂಡಿದ್ದರು. ಹಿತ್ತಲಿನಲ್ಲಿ ಎದೆಮಟ್ಟದ ಗೋಡೆ. ಗೋಡೆಯ ಆ ಕಡೆ ದಾಕ್ಷಾಯಿಣಿ ಮತ್ತು ಅವಳ ಗಂಡ ಚನ್ನಬಸು. ಚನ್ನಬಸು ಮೋಟಾರು ವೈಂಡಿಂಗ್ ಮಾಡುವವನು, ಬಾಯಿ ಇದ್ದೂ ಇಲ್ಲದವನು. ಈ ಕಡೆ ಸುವರ್ಣಾ ಒಬ್ಬಳೇ. ರವಿವಾರ ಒಂದನ್ನು ಬಿಟ್ಟು ದಿನಾ ಬೆಳಿಗ್ಗೆ ಎಂಟೂಕಾಲಕ್ಕೆ ದಾಕ್ಷಾಯಿಣಿ ಒಗೆದ ಬಟ್ಟೆ ಹಿಂಡಿ ಹಾಕಲು ಹಿತ್ತಲಿಗೆ ಬರುತ್ತಿದ್ದಳು, ಸುವರ್ಣಾ ತಲೆ ಬಾಚಿಕೊಳ್ಳುತ್ತ ಬರುತ್ತಿದ್ದಳು. ಅಲ್ಲಿಗೆ ಶುರು. ಎಂಟೂಮುಕ್ಕಾಲಿಗೆ ಆಫೀಸಿನ ವ್ಯಾನು ಓಣಿಯ ತುದಿಯಲ್ಲಿ ಹಾರ್ನ್ ಹೊಡೆದರೆ ಸುವರ್ಣಾ ಬಿದಿರಿನ ಬುಟ್ಟಿಯೊಂದನ್ನು ಗೋಡೆಯ ಮೇಲೆ ಬೋರಲು ಹಾಕುತ್ತಿದ್ದಳು. ಜಗಳ ಇದರ ಕೆಳಗಿದೆ, ನಾಳೆ ಎತ್ತಿದಾಗ ಉಳಿದದ್ದು ಎಂದು ಅದರ ಅರ್ಥ. ಬುಟ್ಟಿ ಬಿದ್ದ ಮೇಲೆ ಒಂದು ಮಾತೂ ಆಡುವಂತಿಲ್ಲ. ಇದು ಅವರ ಅವ್ವನ ಕಾಲದ ಓಣಿಯ ಕಟ್ಟಳೆ, ಇಬ್ಬರೂ ಒಮ್ಮೆಯೂ ಮುರಿದಿರಲಿಲ್ಲ. ಜಗಳಕ್ಕೂ ಒಂದು ಮರ್ಯಾದೆ ಬೇಡವೇ?

ಜಗಳದ ಬೇರು ಇಪ್ಪತ್ತಾರು ವರ್ಷ ಹಳೆಯದು. ಇಪ್ಪತ್ತೆರಡರ ಸುವರ್ಣಾಳ ಕುತ್ತಿಗೆಯಲ್ಲಿ ಥೈರಾಯ್ಡ್ ಗ್ರಂಥಿ ಬಾತು ನಿಂಬೆಕಾಯಿ ಗಾತ್ರದ ಗಂಟಾಗಿತ್ತು. ಗುಳಿಗೆ ತಿಂದು ತಿಂದು ಇಳಿಯಿತು. ಅದೇ ವರ್ಷ ರಾಣೆಬೆನ್ನೂರಿನ ಮಾಸ್ತರರೊಬ್ಬರ ಮನೆಯವರು ಹೆಣ್ಣು ನೋಡಲು ಬಂದರು, ಒಪ್ಪಿದರು, ಎಲೆ ಅಡಿಕೆ ಹಿಡಿಯುವುದೊಂದೇ ಬಾಕಿ. ಅಷ್ಟರಲ್ಲಿ ಹೊಸದಾಗಿ ಮದುವೆಯಾಗಿದ್ದ ದಾಕ್ಷಾಯಿಣಿ ಅಡುಗೆಮನೆಯಲ್ಲಿ ಬೀಗರ ಹೆಂಗಸರಿಗೆ ಚಹಾ ಕೊಡುತ್ತ ಹೇಳಿಬಿಟ್ಟಳು: "ಅಕಿ ಕುತಿಗ್ಯಾಗ ಗಂಟು ಇತ್ತ್ರಿ. ಗುಳಿಗಿ ಮ್ಯಾಲ ಅದಾಳ. ಮಕ್ಕಳಾಗೂದು ತ್ರಾಸ ಅಂತ ಡಾಕ್ಟರ್ ಅಂದಾರ." ಬಂದವರು ಚಹಾ ಕುಡಿದು ಎದ್ದು ಹೋದರು. ಮತ್ತೆ ಯಾರೂ ಬರಲಿಲ್ಲ. ಸುಳ್ಳು ಹೇಳಿ ಕೊಟ್ಟಿದ್ದರೆ ನಾಳೆ ಹೊಡೆದು ಅಟ್ಟುತ್ತಿದ್ದರು ಎಂದು ದಾಕ್ಷಾಯಿಣಿಯ ವಾದ. ಕೇಳದೆ ಇದ್ದವರಿಗೆ ಹೇಳು ಎಂದವರು ಯಾರು ಎಂದು ಸುವರ್ಣಾಳ ವಾದ. ವಿಧಿ ಎಂಥ ತುಂಟನೋ, ಮಕ್ಕಳಾಗದೆ ಹೋದದ್ದು ಅಕ್ಕನಿಗೆ. ತಂಗಿಯ ಕೈಗೆ ಇದಕ್ಕಿಂತ ಚೂಪಾದ ಚೂರಿ ಬೇಕಿರಲಿಲ್ಲ.

ಆರು ವರ್ಷದ ಹಿಂದೆ ದಾಕ್ಷಾಯಿಣಿಯ ಮೈ ಕಪ್ಪಿಡತೊಡಗಿತು. ಊಟ ಸೇರದು, ಎದ್ದರೆ ತಲೆ ಸುತ್ತು, ಉಪ್ಪನ್ನು ಮಾತ್ರ ಮುಷ್ಟಿಗಟ್ಟಲೆ ತಿನ್ನುವ ಆಸೆ. ದೃಷ್ಟಿಯಾಗಿದೆ ಎಂದರು ಓಣಿಯವರು. "ಮನಸಿನ ಬಣ್ಣ ಮೈಗೆ ಬಂದೈತಿ" ಎಂದಳು ಸುವರ್ಣಾ. ಕೊನೆಗೆ ತಿಳಿದದ್ದು, ಯಾವಾಗಲೋ ಬಂದು ಹೋದ ಕ್ಷಯ ಅವಳ ಎರಡೂ ಅಡ್ರಿನಲ್ ಗ್ರಂಥಿಗಳನ್ನು ತಿಂದು ಮುಗಿಸಿದೆ ಎಂದು. ಮೂತ್ರಪಿಂಡದ ತಲೆಯ ಮೇಲೆ ಟೋಪಿಯಂತೆ ಕೂತಿರುವ, ಹೆಬ್ಬೆರಳಿನಷ್ಟೂ ಇಲ್ಲದ ಗ್ರಂಥಿಗಳು. ಅವು ಸುರಿಸುವ ಕಾರ್ಟಿಸಾಲ್ ಇಲ್ಲದಿದ್ದರೆ ಮನುಷ್ಯ ಒಂದು ಜ್ವರವನ್ನೂ ತಡೆಯಲಾರ. ರಕ್ತದ ಒತ್ತಡ ಕುಸಿಯುತ್ತದೆ, ಸಕ್ಕರೆ ಕುಸಿಯುತ್ತದೆ, ಆಮೇಲೆ ಮನುಷ್ಯನೇ ಕುಸಿಯುತ್ತಾನೆ.

ಆ ಹೊತ್ತಿಗೆ ಕೃತಕ ಗ್ರಂಥಿ ಬಂದಿತ್ತು. ಸೊಂಟದ ಚರ್ಮದ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡದು, ಜನ ಅದನ್ನು ಡಬ್ಬಿ ಎನ್ನುತ್ತಿದ್ದರು. ದಿನವಿಡೀ ಹನಿಹನಿಯಾಗಿ ಹಾರ್ಮೋನು ಬಿಡುವುದು ಅದಕ್ಕೆ ಸುಲಭ. ಕಷ್ಟವಿದ್ದದ್ದು ಬೇರೆ ಕಡೆ. ನಿಜವಾದ ಗ್ರಂಥಿಗೆ ಮಿದುಳಿನಿಂದ ಅಪ್ಪಣೆ ಬರುತ್ತದೆ. ಹುಲಿ ಗುರುಗುಟ್ಟುವ ಸದ್ದು ಕಿವಿಗೆ ಬಿದ್ದರೆ ಸಾಕು, ಮಿದುಳು ತನ್ನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿ ಅಡ್ರಿನಲ್‌ಗೆ ಹೇಳುತ್ತದೆ, ಹುಲಿ ಎದುರಿಗೆ ಬರುವ ಮೊದಲೇ ಮೈ ಸಜ್ಜಾಗಿರುತ್ತದೆ. ಡಬ್ಬಿಗೆ ಆ ಅಪ್ಪಣೆ ತಲುಪುವ ದಾರಿ ಇಲ್ಲ. ಆದ್ದರಿಂದ ನಾಡಿ, ಬಿಸಿ, ಸಕ್ಕರೆ ಅಳೆಯುವ ಸಾಧನದ ಜೊತೆಗೆ ಅದಕ್ಕೊಂದು ಪುಟ್ಟ ಕಿವಿಯನ್ನೂ ಇಟ್ಟಿದ್ದರು. ಯಾವ ಸದ್ದಿನ ಹಿಂದೆ ಮೈ ಕುದಿಯುತ್ತದೆ ಎಂದು ಅದು ಕಲಿಯುತ್ತಿತ್ತು, ಕಲಿತು ಮುಂಚಿತವಾಗಿ ಒಮ್ಮೆಲೇ ಹೆಚ್ಚು ಹಾರ್ಮೋನು ಬಿಡುತ್ತಿತ್ತು. ಅದಕ್ಕೆ ಉಕ್ಕು ಎಂದು ಹೆಸರು. ದಾಕ್ಷಾಯಿಣಿ ಚೇತರಿಸಿಕೊಂಡಳು. ಬಟ್ಟೆ ಒಗೆದಳು. ಗೋಡೆಗೆ ಮರಳಿದಳು.

ಈ ಡಬ್ಬಿಗಳನ್ನು ದೂರದಿಂದ ಕಾಯುವ ಸಂಸ್ಥೆಯ ಹೆಸರು ಸಮಸ್ಥಿತಿ. ನವನಗರದಲ್ಲಿ ಅದರ ನಿಯಂತ್ರಣ ಕೊಠಡಿ. ಅಲ್ಲಿ ಹದಿನೆಂಟು ಜನ ವೀಕ್ಷಕರು ಹನ್ನೊಂದು ಸಾವಿರ ಮೈಗಳ ಏರಿಳಿತ ನೋಡುತ್ತ ಕೂರುತ್ತಿದ್ದರು. ಅವರಲ್ಲಿ ಒಬ್ಬಳು ಸುವರ್ಣಾ. ಅಕ್ಕನಿಗೆ ರೋಗ ಬರುವ ಮೊದಲೇ ಸೇರಿದ್ದಳು, ಕೆಲಸದಲ್ಲಿ ಯಾರೂ ಅವಳನ್ನು ಬೆರಳು ಮಾಡಿ ತೋರಿಸುವಂತಿರಲಿಲ್ಲ. ಪರದೆಯ ಮೇಲೆ ಹೆಸರು ಇರುವುದಿಲ್ಲ, ಬರೀ ಸಂಖ್ಯೆ. ಯಾರ ಮೈ ಎಂದು ಗೊತ್ತಾಗಬಾರದು ಎಂಬುದು ನಿಯಮ.

ಚೈತ್ರದ ಒಂದು ದಿನ ಪಕ್ಕದ ಕುರ್ಚಿಯ ರಿಹಾನಾ ತನ್ನ ಪರದೆ ತಿರುಗಿಸಿ ತೋರಿಸಿದಳು. "ಸುವರ್ಣಕ್ಕಾ, ಇದನ್ನೊಂಚೂರು ನೋಡ್ರಿ. ನಾಕ ಸಾವಿರದ ನಾಕನೂರಾ ಹದಿನೇಳು. ದಿನಾ ಮುಂಜಾನಿ ಎಂಟೂಕಾಲಕ್ಕ ಉಕ್ಕು ಏರತೈತಿ, ಎಂಟೂಮುಕ್ಕಾಲಕ್ಕ ಕತ್ತರಿಸಿದಂಗ ನಿಲ್ಲತೈತಿ. ದಿನಾ ಇಷ್ಟು ಉಕ್ಕಿದ್ರ ಈ ಹೆಣಮಗಳ ಎಲುಬು ಉಳಿಯೂದಿಲ್ಲ. ಸಕ್ಕರಿ ಆಗಲೇ ಏರಾಕತ್ತೈತಿ."

ಸುವರ್ಣಾ ನೋಡಿದಳು. ಗೆರೆ ಎಂಟೂಕಾಲಕ್ಕೆ ಏರಿತ್ತು. ರವಿವಾರ ಇಲ್ಲ. ಫೆಬ್ರವರಿಯ ನಾಲ್ಕು ದಿನ ಇಲ್ಲವೇ ಇಲ್ಲ. ಆ ನಾಲ್ಕು ದಿನ ಅವಳು ತರಬೇತಿಗೆಂದು ಮೈಸೂರಿಗೆ ಹೋಗಿದ್ದಳು.

ಇದು ಅಕ್ಕನ ಮೈ. ಇಪ್ಪತ್ತಾರು ವರ್ಷ ಏನೆಲ್ಲ ಅಂದರೂ ಅಕ್ಕ ತಿರುಗಿ ಬಯ್ಯುತ್ತಿದ್ದಳೇ ಹೊರತು ಅವಳ ಮುಖದ ಒಂದು ಗೆರೆ ಅಲುಗಿದ್ದನ್ನು ಅವಳು ಕಂಡಿರಲಿಲ್ಲ. ಗೋಡೆಗೆ ಮಾತಾಡಿದ ಹಾಗೆ ಅನಿಸಿ ಎಷ್ಟೋ ದಿನ ವ್ಯಾನಿನಲ್ಲಿ ಕೂತು ಹಲ್ಲು ಕಡಿದಿದ್ದಳು. ಈಗ ನೋಡಿದರೆ ತನ್ನ ಒಂದೊಂದು ಮಾತೂ ಅವಳ ಮೈಯಲ್ಲಿ ಬೆಂಕಿ ಹಚ್ಚಿದ್ದು ಅಳತೆ ಸಮೇತ ಕಣ್ಣೆದುರಿಗಿದೆ. ನಾಟುತ್ತದೆ! ನನ್ನ ಮಾತು ನಾಟುತ್ತದೆ! ಹೊಟ್ಟೆ ತಣ್ಣಗಾಯಿತು. ಆ ತಂಪು ಐದು ನಿಮಿಷವೂ ಬಾಳಲಿಲ್ಲ. ಗೆರೆಯನ್ನು ಇನ್ನೊಮ್ಮೆ ನೋಡಿದಾಗ ಬೇರೆ ಮಾತೊಂದು ಹೊಳೆಯಿತು. ಈ ಉಕ್ಕಿನಿಂದಲೇ ಅಲ್ಲವೇ ಅವಳಿಗೆ ಅಷ್ಟು ಉಸಿರು? ಅರ್ಧ ಗಂಟೆ ದಣಿಯದೆ ಬಯ್ಯುವ ತಾಕತ್ತು? ದಿನಾ ನನ್ನನ್ನು ಸೋಲಿಸುವ ಬಲ ನನ್ನ ಕೊಠಡಿಯಿಂದಲೇ ಹೋಗುತ್ತಿದೆ!

"ಇದನ್ನ ನನಗ ಬಿಡು ರಿಹಾನಾ. ನಾ ನೋಡಕೋತೀನಿ," ಎಂದಳು.

ಇಂಥ ಪ್ರಸಂಗಕ್ಕೆಂದೇ ರೂಢಿಯ ಮುದ್ರೆ ಎಂಬ ಏರ್ಪಾಡು ಇತ್ತು. ಕೆಲವರ ಮೈ ಪ್ರೆಶರ್ ಕುಕ್ಕರಿನ ಸೀಟಿಗೂ ಉಕ್ಕುತ್ತದೆ. ಆ ಸದ್ದು, ಆ ಹೊತ್ತು, ಆ ನಾಡಿ ಮೂರೂ ಕೂಡಿ ಬಂದರೆ ಇದು ರೂಢಿ, ಇದರಿಂದ ಅಪಾಯವಿಲ್ಲ, ಉಕ್ಕು ಬಿಡಬೇಡ ಎಂದು ಡಬ್ಬಿಗೆ ಕಲಿಸುವುದು. ಅದಕ್ಕೊಂದು ಅರ್ಜಿ. ಹೆಸರು ಕೇಳದೆ ಸಂಖ್ಯೆಯ ಮೂಲಕವೇ ಮನೆಯವರಿಗೆ ಫೋನು ಹಚ್ಚಿ ವಿಚಾರಿಸಬೇಕು. ಸುವರ್ಣಾ ಬರೆದಳು: ಮನೆಯವರನ್ನು ವಿಚಾರಿಸಲಾಗಿದೆ. ಸದ್ದು ಯಾವುದೆಂದು ಗುರುತಿಸಬೇಕು. ಡಬ್ಬಿಯ ಕಿವಿ ಹಿಡಿದಿಟ್ಟಿದ್ದ ತನ್ನದೇ ಧ್ವನಿಯ ತುಣುಕನ್ನು ಎತ್ತಿ ಅಂಟಿಸಿದಳು. ಕೊನೆಗೊಂದು ಅಂಕಣ: ಯಾವಾಗಿನ ಹೊರತು, ಅಂದರೆ ಯಾವ ಸಂದರ್ಭದಲ್ಲಿ ಮುದ್ರೆ ಇದ್ದರೂ ಉಕ್ಕು ಬಿಡಬೇಕು ಎಂಬುದು. ಜ್ವರ, ವಾಂತಿ, ಗಾಯ ಎಂದು ಅಲ್ಲಿ ಬರೆಯುವುದು ವಾಡಿಕೆ. ಅವಳ ಬೆರಳು ಅಲ್ಲಿಗೆ ಹೋಯಿತು, ನಿಂತಿತು. ಬರೆದರೆ ಒಂದಿಷ್ಟು ಬಲ ಅವಳಿಗೆ ಉಳಿದೀತು. ಅಂಕಣವನ್ನು ಖಾಲಿ ಬಿಟ್ಟು ಮುದ್ರೆ ಒತ್ತಿದಳು.

ಮರುದಿನ ಎಂಟೂಕಾಲಕ್ಕೆ ಬುಟ್ಟಿ ಎತ್ತಿದಳು.

"ಏನ ಬೇ, ನಿನ್ನೆ ಎಲ್ಲಿಗೆ ಬಂದಿತ್ತು ಮಾತು? ಹಾಂ, ಬಂಜಿ ತೊಟ್ಟಲಾ ತೂಗಿದ್ಲಂತ, ಅಲ್ಲಿಗಿ ಬಂದಿತ್ತು."

"ನಿನ್ನ ಬಾಯಾಗ ಹುಳಾ ಬೀಳ!" ಎಂದು ದಾಕ್ಷಾಯಿಣಿ ಎಂದಿನ ಎತ್ತರದಲ್ಲಿ ಎತ್ತಿಕೊಂಡಳು. "ಗಂಡನ್ನ ಕಾಣದಕಿ ತೊಟ್ಟಲದ ಸುದ್ದಿ ಯಾಕ ಆಡ್ತಿ? ನಾ ಅವತ್ತ ಹೇಳದಿದ್ರ…" ಅಷ್ಟರಲ್ಲಿ ಉಸಿರು ಸಾಲದೆ ನಿಂತಳು. ಹಿಂಡುತ್ತಿದ್ದ ಸೀರೆಯನ್ನು ಗೋಡೆಯ ಮೇಲೆ ಇಟ್ಟು ಕೈಯೂರಿದಳು.

"ಹೇಳದಿದ್ರ ಏನು? ಮಾತಾಡು! ನಾಲಿಗಿ ಬಿದ್ದ ಹೋತೇನು?"

ಬುಟ್ಟಿ ಬೋರಲು ಹಾಕುವ ಹೊತ್ತಿಗೆ ಸುವರ್ಣಾ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಗೆದ್ದಿದ್ದಳು. ವ್ಯಾನಿನಲ್ಲಿ ಕೂತು ಹಾಡು ಗುನುಗಿದಳು. ಎರಡನೆಯ ದಿನವೂ ಗೆದ್ದಳು. ನಾಲ್ಕನೆಯ ದಿನ ದಾಕ್ಷಾಯಿಣಿ ಸ್ಟೂಲು ತಂದು ಗೋಡೆಯ ಪಕ್ಕ ಇಟ್ಟುಕೊಂಡು ಕೂತು ಬಯ್ದಳು. ಕೂತು ಬಯ್ಯುವ ಬೈಗುಳಕ್ಕೆ ಏನು ಕಿಮ್ಮತ್ತು! ಒಂಬತ್ತು ದಿನ ಒಂಬತ್ತು ಗೆಲುವು. ಒಂಬತ್ತನೆಯ ದಿನ ಓಣಿಯವರು ಕೂಡ ಗಮನಿಸಿ, "ಯಾಕೋ ದಾಕ್ಷಾಯಿಣೆವ್ವನ ದನಿ ಇಳದೈತಲ್ಲ" ಎಂದರು. ಸುವರ್ಣಾ ಆ ಮಾತಿಗೆ ನಕ್ಕಳು. ಅವಳಿಗೆ ಒಂದು ಚಣವೂ ಅಯ್ಯೋ ಅನಿಸಲಿಲ್ಲ, ಅನಿಸಿತೆಂದು ನಾನು ಸುಳ್ಳು ಬರೆಯುವುದಿಲ್ಲ. ಪರದೆಯ ಮೇಲೆ ನಾಲ್ಕು ಸಾವಿರದ ನಾನೂರ ಹದಿನೇಳರ ಗೆರೆ ಚಾಪೆ ಹಾಸಿದ ಹಾಗೆ ಮಟ್ಟಸವಾಗಿತ್ತು. ಸಕ್ಕರೆಯೂ ಇಳಿದಿತ್ತು. ಚಿಕಿತ್ಸೆ ಎಷ್ಟು ಚೆನ್ನಾಗಿ ಫಲಿಸಿದೆ ಎಂದು ಕೇಂದ್ರದ ಮುಖ್ಯಸ್ಥ ಡಾಕ್ಟರ್ ಇನಾಮದಾರರು ಮೆಚ್ಚಿ ಹೇಳಿದರು.

ಹತ್ತನೆಯ ದಿನದ ಹಿಂದಿನ ಸಂಜೆ ದಾಕ್ಷಾಯಿಣಿ ಕುಂದಗೋಳದಲ್ಲಿ ಒಂದು ಮದುವೆಯ ಊಟ ಮಾಡಿ ಬಂದಿದ್ದಳು. ಮಜ್ಜಿಗೆ ಕೆಟ್ಟಿತ್ತೋ ನೀರು ಕೆಟ್ಟಿತ್ತೋ, ಬೆಳಗಿನ ಜಾವಕ್ಕೆ ವಾಂತಿ ಭೇದಿ ಹಿಡಿಯಿತು. ಡಬ್ಬಿ ತನ್ನ ಕೆಲಸ ಮಾಡಿತು. ಮೈ ಬಿಸಿಯಾದದ್ದನ್ನು ನೋಡಿ ಉಕ್ಕು ಹೆಚ್ಚಿಸಿತು, ಎಂಟು ಗಂಟೆಯವರೆಗೆ ಅವಳನ್ನು ಎತ್ತಿ ಹಿಡಿದಿತ್ತು. ಸ್ವಲ್ಪ ಹಗುರಾಯಿತು ಎಂದು ಚನ್ನಬಸುವನ್ನು ಅವಳೇ ಅಂಗಡಿಗೆ ಕಳಿಸಿದಳು. ಮಲಗಬಹುದಿತ್ತು. ಆದರೆ ಎಂಟೂಕಾಲವಾಗಿತ್ತು. ಹಿತ್ತಲಿಗೆ ಹೋಗದಿದ್ದರೆ ಸೋತು ಓಡಿದಳು ಅನ್ನುತ್ತಾಳೆ ಆ ಚಂಡಿ. ಗೋಡೆ ಹಿಡಿದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂತಳು.

ಸುವರ್ಣಾ ಶುರು ಮಾಡಿದಳು. ಅಂದು ಒಳ್ಳೆ ಹದಕ್ಕೆ ಬಂದಿದ್ದಳು. ಅಡುಗೆಮನೆಯ ಚಹಾದಿಂದ ಹಿಡಿದು ಅಪ್ಪನ ತಿಥಿಯವರೆಗೆ ಒಂದೂ ಬಿಡದೆ ಎತ್ತಿ ಆಡಿದಳು. ಆ ಧ್ವನಿ ಕಿವಿಗೆ ಬಿದ್ದ ಕೂಡಲೇ ದಾಕ್ಷಾಯಿಣಿಯ ಸೊಂಟದ ಡಬ್ಬಿ ಹೊತ್ತು ನೋಡಿತು, ನಾಡಿ ನೋಡಿತು, ಧ್ವನಿ ಹೊಂದಿಸಿ ನೋಡಿತು. ಮೂರೂ ಕೂಡಿ ಬಂದವು. ಇದು ರೂಢಿ, ಅಪಾಯವಿಲ್ಲ. ಉಕ್ಕನ್ನು ನಿಲ್ಲಿಸಿತು.

"ಮಾತಾಡ ಬೇ! ಇವತ್ತ ಒಂದೂ ಮಾತಿಲ್ಲ? ಮದವಿ ಊಟ ಭಾರ ಆತೇನು?"

ಸುವರ್ಣಾಳಿಗೆ ರುಚಿ ಹತ್ತಿತ್ತು, ಇನ್ನೂ ನಾಲ್ಕು ಆಡಿದಳು. ಆಮೇಲೆ ಸ್ಟೂಲು ಉರುಳಿದ ಸದ್ದಾಯಿತು. ಗೋಡೆಯ ಮೇಲಿಂದ ಬಗ್ಗಿ ನೋಡಿದಳು. ಅಕ್ಕ ತೊಯ್ದ ಬಟ್ಟೆಗಳ ಮೇಲೆ ಬೋರಲು ಬಿದ್ದಿದ್ದಳು.

ಸುವರ್ಣಾ ಗೋಡೆ ಹತ್ತಿ ಹಾರಿದ್ದು ಹೇಗೆಂದು ಅವಳಿಗೇ ಗೊತ್ತಿಲ್ಲ. ಮೊಣಕಾಲು ತರಚಿತು. ಅಕ್ಕನ ಮೈ ಬೆವರಿನಲ್ಲಿ ತಣ್ಣಗಿತ್ತು, ನಾಡಿ ಕೈಗೆ ಸಿಗದಷ್ಟು ಸಣ್ಣಗೆ ಓಡುತ್ತಿತ್ತು. ಬಾಯಿಯ ಪಕ್ಕ ವಾಂತಿ. ಇದು ಏನೆಂದು ವೀಕ್ಷಕಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಅಕ್ಕಾ! ಏ ಅಕ್ಕಾ! ಯವ್ವಾ, ಕಣ್ಣ ತಗಿ!"

ಮೊದಲಿನ ಕಾಲದಲ್ಲಾದರೆ ಇಂಥ ರೋಗಿಗಳ ಮನೆಯಲ್ಲಿ ತುರ್ತಿಗೆಂದು ಒಂದು ಸೂಜಿ ಮದ್ದು ಇರುತ್ತಿತ್ತು. ಡಬ್ಬಿ ಬಂದ ಮೇಲೆ ಅದನ್ನು ಯಾರು ಇಟ್ಟುಕೊಳ್ಳುತ್ತಾರೆ? ಸುವರ್ಣಾ ಆಂಬುಲೆನ್ಸಿಗೆ ಫೋನು ಮಾಡಿದಳು, ಇಪ್ಪತ್ತೈದು ನಿಮಿಷ ಎಂದರು. ಆ ವಾರ ರಾತ್ರಿ ಪಾಳಿಯಲ್ಲಿದ್ದ ರಿಹಾನಾಳಿಗೆ ಮಾಡಿದಳು.

"ನಾಕ ಸಾವಿರದ ನಾಕನೂರಾ ಹದಿನೇಳು ತಗಿ. ಉಕ್ಕು ಬಿಡು, ತುರ್ತು ಉಕ್ಕು! ನಮ್ಮಕ್ಕ ಅದು ರಿಹಾನಾ, ನಮ್ಮಕ್ಕ!"

ಆ ಕಡೆ ಕುರ್ಚಿ ಎಳೆದ ಸದ್ದು, ಕೀಲಿ ಒತ್ತಿದ ಸದ್ದು. "ಅಯ್ಯ ಅಲ್ಲಾ! ಇಲ್ಲಿ ಮುದ್ರಿ ಐತಲ್ರಿ. ಡಾಕ್ಟರ್ ಸಾಹೇಬ್ರ ಮುಂದ ಇಟ್ಟು ತಗಸ್ತೀನಿ. ಆದ್ರ ಡಬ್ಬಿ ಹೊಸ ಅಪ್ಪಣಿ ತಗೊಳ್ಳೂದು ತಾಸಿಗೊಮ್ಮೆ. ಒಂಬತ್ತಕ್ಕಽ ತಗೊಳ್ಳೂದು. ಈಗ ಎಂಟು ಇಪ್ಪತ್ತೆಂಟು."

"ಅಲ್ಲೀ ತನಕಾ ಇರೂದಿಲ್ಲ ಅಕಿ! ಸತ್ತ ಹೊಕ್ಕಾಳ!"

"ಸುವರ್ಣಕ್ಕಾ, ತಡೀರಿ. ನೀವು ಮಾತಾಡಿದಂಗೆಲ್ಲ ಗೆರಿ ಇಳ್ಯಾಕತ್ತೈತಿ." ರಿಹಾನಾಳ ದನಿ ಒಮ್ಮೆಲೇ ಬದಲಾಯಿತು. "ಮುದ್ರಿ ದನಿ ನಿಮ್ಮದೈತಿ. ಆ ದನಿ ಹತ್ತು ನಿಮಿಷ ನಿಂತ್ರ ಮುದ್ರಿ ತಾನಽ ಸಡಲತೈತಿ. ಒಂದು ಮಾತಾಡಿದ್ರೂ ಹತ್ತು ನಿಮಿಷ ಮತ್ತ ಮೊದಲಿಂದ. ಬಾಯಿ ಮುಚ್ಚರಿ. ನಿಮ್ಮ ಕಾಲ ಬೀಳ್ತೀನಿ, ಬಾಯಿ ಮುಚ್ಚರಿ!"

ಸುವರ್ಣಾ ಬಾಯಿ ಮುಚ್ಚಿದಳು.

ಎದ್ದು ದೂರ ಹೋಗುವಂತಿರಲಿಲ್ಲ. ಅಕ್ಕನನ್ನು ಮಗ್ಗುಲಾಗಿ ಹಿಡಿಯದಿದ್ದರೆ ವಾಂತಿ ಉಸಿರಿಗೆ ಅಡ್ಡ ಬಂದೀತು. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಒಂದು ಕೈಯಿಂದ ಅಕ್ಕನ ಭುಜ ಹಿಡಿದು, ಇನ್ನೊಂದು ಕೈಯಿಂದ ಬಟ್ಟೆಯ ಗಂಟನ್ನು ಅವಳ ಕಾಲ ಕೆಳಗೆ ಒತ್ತಿ ಎತ್ತರ ಮಾಡಿದಳು. ಫೋನಿನ ಗಡಿಯಾರ ಎಂಟು ಇಪ್ಪತ್ತೊಂಬತ್ತು ತೋರಿಸಿತು. ಇಪ್ಪತ್ತಾರು ವರ್ಷ ದಿನಕ್ಕೆ ಅರ್ಧ ಗಂಟೆ ಬಯ್ದವಳಿಗೆ ಹತ್ತು ನಿಮಿಷ ಸುಮ್ಮನೆ ಕೂರುವುದು ಇಷ್ಟು ಕಷ್ಟವೆಂದು ಯಾರು ಬಲ್ಲರು! ಅಕ್ಕಾ ಎಂಬ ಒಂದು ಕೂಗು ಗಂಟಲಿಗೆ ಬಂದು ಬಂದು ಹೋಗುತ್ತಿತ್ತು. ಅದನ್ನು ಆಡಿದರೆ ಅದೇ ಕೊಲ್ಲುತ್ತದೆ.

ಎಂಟು ಮೂವತ್ತೈದಕ್ಕೆ ದಾಕ್ಷಾಯಿಣಿ ಕಣ್ಣು ಬಿಟ್ಟಳು. ಮೇಲೆ ಬಗ್ಗಿದ್ದ ಮುಖವನ್ನು ಗುರುತಿಸಲು ಹೊತ್ತು ಹಿಡಿಯಿತು.

"ಸಾಯೂದ… ನೋಡಾಕ ಬಂದಿ ಏನ?"

ಸುವರ್ಣಾ ತಲೆ ಅಲ್ಲಾಡಿಸಿದಳು. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು, ಬಾಯಲ್ಲಿ ಸೆರಗು ಇತ್ತು.

"ಮಾತಾಡು… ಈಗ್ಯಾಕ ಸುಮ್ಮಕಾದಿ… ಈಗ ಆಡು."

ಅವಳು ಆಡಲಿಲ್ಲ. ಆ ನೋಟವನ್ನು ತಪ್ಪಿಸಲೂ ಆಗಲಿಲ್ಲ. ಎಂಟು ಮೂವತ್ತೇಳಕ್ಕೆ, ಪಕ್ಕದ ಮನೆಯವರು ಯಾರೋ ಹೇಳಿ ಕಳಿಸಿದ್ದರಿಂದ ಚನ್ನಬಸು ಓಡುತ್ತ ಬಂದ. ಹೆಂಡತಿ ಬಿದ್ದಿರುವುದನ್ನೂ ನಾದಿನಿ ಅವಳ ಮೇಲೆ ಕವುಚಿ ಕೂತಿರುವುದನ್ನೂ ಕಂಡ. ಬಾಯಿಯಿಲ್ಲದ ಆ ಮನುಷ್ಯ ಜೀವಮಾನದಲ್ಲಿ ಮೊದಲ ಸಲ ಗುಡುಗಿದ.

"ಏನ ಮಾಡಿದಿ ಅಕಿಗೆ? ಸುವರ್ಣಾ, ಏನ ಮಾಡಿದಿ? ಬಾಯಿ ಬಿಡು!"

ರಟ್ಟೆ ಹಿಡಿದು ಅಲುಗಿಸಿದ. ಅವಳು ಸೆರಗನ್ನು ಇನ್ನಷ್ಟು ಒಳಗೆ ತುರುಕಿಕೊಂಡು ಕೈ ಮುಗಿದಳು. ಫೋನನ್ನು ಅವನ ಕೈಗೆ ಕೊಟ್ಟಳು. ರಿಹಾನಾ ಹೇಳಿದ್ದನ್ನು ಕೇಳುತ್ತ ಕೇಳುತ್ತ ಅವನ ಮುಖ ಕಲ್ಲಾಯಿತು. ಎಂಟು ಮೂವತ್ತೊಂಬತ್ತಕ್ಕೆ ಮುದ್ರೆ ಸಡಿಲಾಯಿತು. ಡಬ್ಬಿ ಹೊತ್ತು ನೋಡಿತು, ನಾಡಿ ನೋಡಿತು, ಧ್ವನಿ ಇರಲಿಲ್ಲ. ತನ್ನಲ್ಲಿದ್ದುದನ್ನೆಲ್ಲ ಒಮ್ಮೆಲೇ ಬಿಟ್ಟಿತು. ಆಂಬುಲೆನ್ಸ್ ಬರುವ ಹೊತ್ತಿಗೆ ನಾಡಿ ಕೈಗೆ ಸಿಗುತ್ತಿತ್ತು.

ಮೂರನೆಯ ದಿನ ಡಾಕ್ಟರ್ ಇನಾಮದಾರರು ಸುವರ್ಣಾಳನ್ನು ಕೋಣೆಗೆ ಕರೆದರು. ಕೂರು ಎನ್ನಲಿಲ್ಲ. ಅರ್ಜಿಯನ್ನು ಮುಂದಿಟ್ಟರು.

"ಮನಿಯವರನ್ನ ವಿಚಾರಿಸಲಾಗಿದೆ ಅಂತ ಬರದೀರಿ. ಯಾರನ್ನ ವಿಚಾರಿಸಿದ್ರಿ?"

"ಯಾರನ್ನೂ ಇಲ್ರಿ. ಜಗಳ ನಂದಽ ಇತ್ತಲ್ರಿ."

"ಯಾವಾಗಿನ ಹೊರತು ಅಂಬೋದು ಖಾಲಿ ಐತಿ. ಮರತ್ರಿ?"

ಮರೆತೆ ಎಂದಿದ್ದರೆ ಎಚ್ಚರಿಕೆಯ ಪತ್ರದಲ್ಲಿ ಮುಗಿಯುತ್ತಿತ್ತು.

"ಇಲ್ರಿ. ನೆನಪಿತ್ತು. ಬರದ್ರ ಒಂದಿಷ್ಟು ಬಲ ಅಕಿಗೆ ಉಳೀತೈತಿ ಅಂತ ಬೇಕಂತಽ ಬಿಟ್ಟೆ."

ಡಾಕ್ಟರರು ಕನ್ನಡಕ ತೆಗೆದರು. "ಹದಿನಾಲ್ಕು ವರ್ಷ ನಿಮ್ಮ ಕೈಯಾಗ ಜನರ ಜೀವ ಕೊಟ್ಟಿದ್ದೆ. ಇವತ್ತಿಂದ ಈ ಕಟ್ಟಡದಾಗ ಕಾಲು ಇಡಬ್ಯಾಡ್ರಿ. ಪೊಲೀಸರಿಗೆ ಹೇಳೂದು ಬಿಡೂದು ನಿಮ್ಮಕ್ಕನ ಕೈಯಾಗೈತಿ. ಅವರ ಮುಂದ ನೀವು ನಿಂತು ಇದನ್ನೆಲ್ಲ ಹೇಳಬೇಕು. ನಡೀರಿ."

ದಾಕ್ಷಾಯಿಣಿ ಮನೆಗೆ ಬಂದಿದ್ದಳು. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು, ಬಣ್ಣ ಇಳಿದಿತ್ತು, ಕಣ್ಣು ಮಾತ್ರ ಮೊದಲಿನ ಹಾಗೆಯೇ ಚೂಪಾಗಿದ್ದವು. ಸುವರ್ಣಾ ಹೊಸ್ತಿಲ ಹೊರಗೇ ನಿಂತು ಹೇಳಿದಳು. ಗೆರೆ ನೋಡಿದ್ದು, ಹಿಗ್ಗಿದ್ದು, ಮುದ್ರೆ ಒತ್ತಿದ್ದು, ಅಂಕಣ ಬಿಟ್ಟದ್ದು. ಒಂದನ್ನೂ ಮುಚ್ಚಲಿಲ್ಲ. "ತಪ್ಪಾತು ಅಕ್ಕಾ" ಎಂದಳು. ಆ ಮಾತು ಅವಳ ಬಾಯಿಂದ ಬಂದದ್ದು ಆ ಮನೆಯ ಗೋಡೆಗಳಿಗೂ ಹೊಸದು.

ದಾಕ್ಷಾಯಿಣಿ ಅವಳತ್ತ ನೋಡದೆ, ಜೊತೆಗೆ ಬಂದಿದ್ದ ಡಾಕ್ಟರರನ್ನು ಕೇಳಿದಳು: "ಈಕಿ ಮಾತಿಗೆ ನನ್ನ ಮೈ ಅಷ್ಟು ಕುದೀತಿತ್ತೇನ್ರಿ?"

"ಹೌದ್ರಿ. ಎಲುಬು ಸವೀತಿದ್ವು, ಸಕ್ಕರಿ ಏರತಿತ್ತು."

"ಮುದ್ರಿ ಇದ್ದಾಗ?"

"ಆಗ ಏನೂ ಇಲ್ರಿ. ಮಟ್ಟಸ."

ದಾಕ್ಷಾಯಿಣಿ ಗಂಡನ ಮುಖ ನೋಡಿದಳು. ಚನ್ನಬಸು ಅವಳ ಕಾಲ ಹತ್ತಿರ ನಿಂತಿದ್ದ.

"ದೂರು ಕೊಡ್ತೀರೇನ್ರಿ?" ಎಂದರು ಡಾಕ್ಟರರು.

"ದೂರು ಬ್ಯಾಡ್ರಿ."

ಸುವರ್ಣಾ ಒಂದು ಹೆಜ್ಜೆ ಒಳಗೆ ಇಟ್ಟಳು. ಎಷ್ಟಾದರೂ ಒಂದೇ ಬಸಿರು, ಅಕ್ಕ ಬಿಟ್ಟುಕೊಟ್ಟಾಳೆಯೇ ಎಂದುಕೊಂಡಳು.

"ಆ ಮುದ್ರಿ ತಗದೀವ್ರಿ," ಎಂದರು ಡಾಕ್ಟರರು. "ಇನ್ನ ಹೆದರಿಕಿ ಇಲ್ಲ."

"ತಿರಿಗಿ ಹಾಕ್ರಿ."

"ಏನಂದ್ರಿ?"

"ಜ್ವರಾ, ವಾಂತಿ, ಬಿದ್ದದ್ದು, ಎದ್ದದ್ದು, ಏನೇನು ಬರೀಬೇಕೋ ಎಲ್ಲಾ ಬರದು ಹಾಕ್ರಿ. ನಾ ಸಾಯಬಾರದು, ಅಷ್ಟು ನೋಡಕೋರಿ. ಆದ್ರ ಈಕಿ ದನಿಗೆ ಮುದ್ರಿ ಇರ್ಲಿ. ಇರೂ ತನಕಾ ಇರ್ಲಿ." ದಾಕ್ಷಾಯಿಣಿ ದಿಂಬಿಗೆ ತಲೆ ಇಟ್ಟು ಕಣ್ಣು ಮುಚ್ಚಿದಳು. "ಇಪ್ಪತ್ತಾರು ವರ್ಷ ಖರ್ಚ ಮಾಡೀನಿ. ಇನ್ನ ನನ್ನ ಮೈಯಾಗಿನ ಒಂದು ಹನಿ ಸೈತ ಈಕಿ ಸಲುವಾಗಿ ಹೋಗಬಾರದು."

ಡಾಕ್ಟರರು ಚನ್ನಬಸುವನ್ನು ನೋಡಿದರು. ಅವನು ಹೂಂ ಎಂದು ತಲೆಯಾಡಿಸಿದ. ರೋಗಿ ತಾನೇ ಕೇಳಿ, ಹೊರತುಗಳನ್ನೆಲ್ಲ ಬರೆದು ಹಾಕಿಸಿಕೊಳ್ಳುವ ಮುದ್ರೆಗೆ ನಿಯಮದಲ್ಲಿ ಅಡ್ಡಿ ಇರಲಿಲ್ಲ. ಅಂದೇ ಹಾಕಿದರು.

ಹದಿನೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಗೋಡೆಯ ಆಚೆ ಬಟ್ಟೆ ಹಿಂಡುವ ಸದ್ದು ಕೇಳಿಸಿತು. ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದ ಸುವರ್ಣಾ ತಲೆಯನ್ನೂ ಬಾಚದೆ ಓಡಿದಳು. ಅಕ್ಕ ನೆಟ್ಟಗೆ ನಿಂತು ಲುಂಗಿಯೊಂದನ್ನು ಝಾಡಿಸುತ್ತಿದ್ದಳು. ಮುಖಕ್ಕೆ ಕಳೆ ಬಂದಿತ್ತು.

"ಅಕ್ಕಾ, ಆರಾಮ ಅದಿ?" ಎಂದಳು. "ತಪ್ಪಾತಂತ ಹೇಳೀನಿ. ಇನ್ನೂ ಸಾವಿರ ಸಲ ಹೇಳ್ತೀನಿ." ದಾಕ್ಷಾಯಿಣಿ ಲುಂಗಿಯ ಮಡಿಕೆ ಬಿಡಿಸಿದಳು, ಹಗ್ಗಕ್ಕೆ ಹಾಕಿದಳು. ಸುವರ್ಣಾ ಬೇಡಿಕೊಂಡಳು. ಬೇಡಿ ಸಾಕಾಗಿ ಬಯ್ದಳು. ಮೊದಲು ಸಣ್ಣ ಬೈಗುಳ, ಆಮೇಲೆ ದೊಡ್ಡವು. ರಾಣೆಬೆನ್ನೂರು, ಚಹಾ, ಬಂಜೆ, ತೊಟ್ಟಿಲು, ಯಾವ ಮಾತಿಗೆ ಹಿಂದೆ ಗೆರೆ ಮುಗಿಲಿಗೆ ಏರುತ್ತಿತ್ತೋ ಆ ಮಾತನ್ನೆಲ್ಲ ಹುಡುಕಿ ಹುಡುಕಿ ಎಸೆದಳು. ದನಿ ಒಡೆಯಿತು. "ಬೈಯಿ! ಬಾಯಾಗ ಹುಳಾ ಬೀಳ್ಲಿ ಅನ್ನು! ಒಂದರೆ ಮಾತು ಅನ್ನು!"

ದಾಕ್ಷಾಯಿಣಿಯ ಉಸಿರು ಏರಲಿಲ್ಲ. ಕೊನೆಯ ಟವೆಲನ್ನು ಹಾಕಿ, ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು. ಅಡುಗೆಮನೆಯ ಕಿಟಕಿಯಿಂದ ಅವಳ ದನಿ ಸ್ಪಷ್ಟವಾಗಿ ಕೇಳಿಸಿತು.

"ಏನ್ರೀ, ಹಿತ್ತಲದಾಗ ಯಾರೋ ಮಾತಾಡಿದಂಗ ಆತು. ಯಾರಂತ ಒಂದೀಟು ನೋಡ್ರಿ."

ಚನ್ನಬಸು ಬಾಗಿಲಿಗೆ ಬಂದ. ಗೋಡೆಯ ಆಚೆ ನಿಂತಿದ್ದ ಸುವರ್ಣಾಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಆಮೇಲೆ ಒಳಗೆ ತಿರುಗಿ ಹೇಳಿದ:

"ಯಾರೂ ಇಲ್ಲ ಬಿಡು."